ಲೇಸರ್ ಅಬ್ಲೇಶನ್: ವಾಟ್ ಏರಿಸಿದರೂ ಬೆಂದ ವಲಯ ಯಾಕೆ ಬೆಳೆಯುತ್ತಿಲ್ಲ?

ಪ್ರಶ್ನೆ

ಲೇಸರ್ ಅಬ್ಲೇಶನ್, ಅಂದರೆ ಲೇಸರ್ ಕಾವಿನಿಂದ ಅಂಗಾಂಶವನ್ನು ಬೇಯಿಸಿ ನಾಶಮಾಡುವುದು. ಪ್ರಾಣಿಯ ಯಕೃತ್ತಿನ ತುಂಡಿನಲ್ಲಿ 980 ನ್ಯಾನೊಮೀಟರ್ ಡಯೋಡ್ ಲೇಸರ್‌ನಿಂದ ಇದರ ಪರೀಕ್ಷೆ. ಬೆಳಕು ಸಾಗಿಸುವ ಫೈಬರ್ 600 ಮೈಕ್ರಾನ್, ಬರಿಯ ತುದಿ, ತಂಪು ಮಾಡುವ ವ್ಯವಸ್ಥೆ ಇಲ್ಲ. 5 ವಾಟ್‌ನಲ್ಲಿ ವಲಯ ಚಿಕ್ಕದು. 12ಕ್ಕೆ ಏರಿಸಿದರೆ ಕೆಲವೇ ಸೆಕೆಂಡಿನಲ್ಲಿ ‘ಟಪ್’ ಎಂಬ ಸದ್ದು, ಹೊಗೆ, ತುದಿಯ ಸುತ್ತ ಕರಿ. ಆಮೇಲೆ ಎಷ್ಟು ಹೊತ್ತು ಬಿಟ್ಟರೂ ಬೆಳೆಯುವುದಿಲ್ಲ. ಮಿದುಳಿನ ಗಡ್ಡೆಗೆ ಇದೇ ತರಂಗಾಂತರದಲ್ಲಿ 10 ವಾಟ್‌ಗೂ ಮೀರಿ ಕೊಡುತ್ತಾರಲ್ಲ, ಅದು ಹೇಗೆ ಸಾಧ್ಯ?

ಉತ್ತರ 1

ಆ ‘ಟಪ್’ ಅಂದರೆ ಅಂಗಾಂಶದೊಳಗಿನ ನೀರು 100 ಡಿಗ್ರಿ ದಾಟಿ ಆವಿಯಾಗಿ ಸಿಡಿದದ್ದು. ನೀರು ಹೋದ ಜಾಗ ಕರಿಕಲಾಗುತ್ತದೆ, ಕರಿಕಲು ಬೆಳಕನ್ನೆಲ್ಲ ಅಲ್ಲೇ ನುಂಗುತ್ತದೆ. ಅಲ್ಲಿಂದಾಚೆ ನಿಮ್ಮ ಕೈಯಲ್ಲಿರುವುದು ಕಾದ ಸೂಜಿ, ಲೇಸರ್ ಅಲ್ಲ. ಫೈಬರ್ ತುದಿಯೂ ಕರಗಬಹುದು.

ಎರಡು ಬದಲಾವಣೆ ಬೇಕು. ಬರಿಯ ತುದಿಯ ಬದಲು ಸುಮಾರು 10 ಮಿಲಿಮೀಟರ್ ಉದ್ದಕ್ಕೂ ಬೆಳಕು ಚದುರಿಸುವ ತುದಿ. ಅದರ ಸುತ್ತ ಸಲೈನ್ (ಉಪ್ಪುನೀರು) ಹರಿಯುವ ಪಾರದರ್ಶಕ ಕ್ಯಾಥೆಟರ್ (ತೆಳು ಕೊಳವೆ). ಸಲೈನ್ ಕ್ಯಾಥೆಟರ್‌ಗೆ ಅಂಟಿದ ಪದರವನ್ನು ತಂಪಾಗಿಡುವುದರಿಂದ ಅತಿ ಹೆಚ್ಚು ಕಾವು ಗೋಡೆಯಿಂದ ಸ್ವಲ್ಪ ಆಚೆಗೆ ಸರಿಯುತ್ತದೆ. ತುದಿ ತಣ್ಣಗಿದ್ದಷ್ಟೂ ವಲಯ ದೊಡ್ಡದು: ಕೇಳಲು ವಿಚಿತ್ರ, ಆದರೆ ಇಡೀ ವಿಧಾನ ನಿಂತಿರುವುದೇ ಇದರ ಮೇಲೆ. ತರಂಗಾಂತರವನ್ನೂ ಬದಲಿಸಬಹುದು: 1064 ನ್ಯಾನೊಮೀಟರ್ ಅನ್ನು ನೀರು 980ಕ್ಕಿಂತ ಕಡಿಮೆ ಹೀರುತ್ತದೆ. ಕಾವು ನಿಧಾನ, ಆದರೆ ಹೆಚ್ಚು ಆಳಕ್ಕೆ.

ಉತ್ತರ 2

ಕಾವಿನಷ್ಟೇ ಹೊತ್ತೂ ಮುಖ್ಯ. ಅಂಗಾಂಶ ಸಾಯಲು ಸಾಮಾನ್ಯ ಲೆಕ್ಕ 43 ಡಿಗ್ರಿಯಲ್ಲಿ 240 ನಿಮಿಷ. ಅಲ್ಲಿಂದ ಪ್ರತಿ ಡಿಗ್ರಿಗೂ ಸಮಯ ಅರ್ಧಕ್ಕಿಳಿಯುತ್ತದೆ. 53 ಡಿಗ್ರಿಗೆ ಸುಮಾರು 14 ಸೆಕೆಂಡ್ ಸಾಕು. ಹಾಗಾಗಿ ಕರಿ ಹಿಡಿಯುವಷ್ಟು ಕಾಯಿಸುವ ಅಗತ್ಯವೇ ಇಲ್ಲ.

ರೋಗಿಯಲ್ಲಿ ಇದನ್ನು ಎಂಆರ್‌ಐ ತೋರಿಸುವ ಕಾವಿನ ನಕ್ಷೆ ನೋಡುತ್ತಲೇ ಮಾಡುತ್ತಾರೆ. ಆ ನಕ್ಷೆ ಬರುವುದು ನೀರಿನ ಪ್ರೋಟಾನ್‌ಗಳ ಸಂಕೇತದ ಆವರ್ತನದಿಂದ: ಕಾವು ಏರಿದಂತೆ ಅದು ಡಿಗ್ರಿಗೆ ಸುಮಾರು 0.01 ಪಿಪಿಎಂ (ಹತ್ತು ಲಕ್ಷದಲ್ಲಿ 0.01 ಪಾಲು) ಇಳಿಯುತ್ತದೆ, 1.5 ಟೆಸ್ಲಾದಲ್ಲಿ 0.64 ಹರ್ಟ್ಸ್ ಮಾತ್ರ. ಇಷ್ಟು ಸಣ್ಣ ಸಂಕೇತವಾದ್ದರಿಂದ ತಲೆ ಕೊಂಚ ಅಲುಗಿದರೂ ನಕ್ಷೆ ಸುಳ್ಳು ಹೇಳುತ್ತದೆ. ಕೊಬ್ಬಿನಲ್ಲಿ ಈ ಬದಲಾವಣೆ ಆಗುವುದೇ ಇಲ್ಲ. ಇನ್ನೊಂದು, ಬಹಳ ಸಲ ತಪ್ಪುವ ವಿಷಯ: ಈ ವಿಧಾನ ವ್ಯತ್ಯಾಸವನ್ನಷ್ಟೇ ಅಳೆಯುತ್ತದೆ. ಅರಿವಳಿಕೆಯಲ್ಲಿ ಮೈ 35 ಡಿಗ್ರಿಗಿಳಿದಿದ್ದು ಯಂತ್ರಕ್ಕೆ 37 ಎಂದು ತುಂಬಿದ್ದರೆ ನಕ್ಷೆಯುದ್ದಕ್ಕೂ 2 ಡಿಗ್ರಿ ತಪ್ಪು. ಗಡ್ಡೆಯ ಅಂಚಿನಲ್ಲಿ ಅದು ನಾಲ್ಕು ಪಟ್ಟು ಸಮಯದ ತಪ್ಪು.

ಪ್ರಶ್ನಿಸಿದವರು

ಸರಿ. ತಂಪು ಕ್ಯಾಥೆಟರ್ ಹಾಕಿ ತುಂಡಿನಲ್ಲಿ ಬಂದ ಅಳತೆಯೇ ಜೀವಂತ ಅಂಗಾಂಶದಲ್ಲೂ ಬರುತ್ತದೆಯೇ?

ಉತ್ತರ 3

ಬರುವುದಿಲ್ಲ. ತುಂಡಿನಲ್ಲಿ ರಕ್ತ ಹರಿಯುವುದಿಲ್ಲ. ದೊಡ್ಡ ರಕ್ತನಾಳವೋ ಮಿದುಳಿನ ದ್ರವಕೋಶವೋ ಪಕ್ಕದಲ್ಲಿದ್ದರೆ ಕಾವನ್ನು ಹೊತ್ತೊಯ್ದು ಆ ಬದಿಯಲ್ಲಿ ವಲಯವನ್ನು ತಗ್ಗಿಸುತ್ತದೆ; ಗಡ್ಡೆ ಉಳಿಯುವುದು ಸಾಮಾನ್ಯವಾಗಿ ಅಲ್ಲೇ. ವಾಟ್ ಏರಿಸಿ ಅದನ್ನು ಗೆಲ್ಲಲು ಹೋಗಬೇಡಿ, ಎದುರು ಬದಿಯ ಒಳ್ಳೆಯ ಅಂಗಾಂಶ ಬೇಯುತ್ತದೆ. ಫೈಬರ್ ದಾರಿಯನ್ನೇ ಆ ಬದಿಗೆ ಹತ್ತಿರ ಯೋಜಿಸಬೇಕು.

ಮೊದಲು ಕಡಿಮೆ ವಾಟ್‌ನ ಪರೀಕ್ಷಾ ಡೋಸ್ ಕೊಟ್ಟು ತುದಿ ಎಲ್ಲಿದೆ ಎಂದು ನಕ್ಷೆಯಲ್ಲಿ ಗುರುತಿಸಿ. ಆಳದ ಭಾಗ ಮೊದಲು. ಆಮೇಲೆ ಫೈಬರನ್ನು ಹಿಂದಕ್ಕೆಳೆಯುತ್ತ ಬನ್ನಿ. ಫೈಬರ್ ಹತ್ತಿರ 90 ಡಿಗ್ರಿ, ಉಳಿಸಬೇಕಾದ ನರತಂತುಗಳ ಬಳಿ 45ರ ಆಸುಪಾಸು ಮಿತಿ ಇಟ್ಟರೆ ಯಂತ್ರ ತಾನಾಗಿ ನಿಲ್ಲುತ್ತದೆ. ಸಲೈನ್ ಕೊಳವೆಯಲ್ಲಿ ಗಾಳಿಗುಳ್ಳೆ ಉಳಿಯದಂತೆ ನೋಡಿ. ನಿಲ್ಲಿಸುವಾಗ ಲೇಸರ್ ಮೊದಲು, ಸಲೈನ್ ಆಮೇಲೆ. ತಿರುಗುಮುರುಗಾದರೆ ಕ್ಯಾಥೆಟರ್ ಒಳಗೇ ಕರಗಬಹುದು.