ಕಾಡು ಬೆರ್ರಿ, ತೋಟದ ಬೆರ್ರಿ: ಆಂಟಿಆಕ್ಸಿಡೆಂಟ್ ಯಾವುದರಲ್ಲಿ ಜಾಸ್ತಿ?

ವನಮಾಲಾ:
ಕಾಡಿನ ಬೆರ್ರಿಗಳಲ್ಲಿ ತೋಟದವುಗಳಿಗಿಂತ ಆಂಟಿಆಕ್ಸಿಡೆಂಟ್, ಅಂದರೆ ಜೀವಕೋಶಕ್ಕೆ ಆಗುವ ಆಕ್ಸಿಡೀಕರಣದ ಹಾನಿಯನ್ನು ತಡೆಯುತ್ತವೆ ಎನ್ನುವ ಪದಾರ್ಥಗಳು, ಜಾಸ್ತಿ ಅಂತ ಎಲ್ಲೆಲ್ಲೂ ಓದುತ್ತೇವೆ. ನನಗೂ ಅದು ಸರಿ ಅನಿಸುತ್ತದೆ. ಕಾಡುಗಿಡಕ್ಕೆ ಗೊಬ್ಬರ ಹಾಕುವವರಿಲ್ಲ, ಔಷಧಿ ಹೊಡೆಯುವವರಿಲ್ಲ. ಬಿಸಿಲು, ಚಳಿ, ಹುಳ ಎಲ್ಲವನ್ನೂ ತಾನೇ ತಡೆದುಕೊಳ್ಳಬೇಕು. ಅದಕ್ಕೆ ಬೇಕಾದ ರಾಸಾಯನಿಕಗಳನ್ನು ಹಣ್ಣಿನಲ್ಲಿ ತುಂಬಿಕೊಳ್ಳುತ್ತದೆ. ತೋಟದಲ್ಲಿ ನಾವು ನೋಡುವುದು ಗಾತ್ರ, ಸಿಹಿ, ಎಷ್ಟು ದಿನ ಕೆಡದೆ ಇರುತ್ತದೆ, ಇಷ್ಟೇ ಅಲ್ವಾ?

ಗಿಡದ ಗೆಳೆಯ:
ಅರ್ಧ ಒಪ್ಪುತ್ತೇನೆ ಮೇಡಂ. ಯುರೋಪಿನ ಕಾಡಿನ ಬಿಲ್‌ಬೆರ್ರಿ ಮತ್ತು ತೋಟದ ಬ್ಲೂಬೆರ್ರಿ ಎರಡನ್ನೂ ಕತ್ತರಿಸಿ ಪಕ್ಕಪಕ್ಕ ಇಟ್ಟು ನೋಡಿ. ಬಿಲ್‌ಬೆರ್ರಿಯ ತಿರುಳೂ ಕಡುನೇರಳೆ. ತಿಂದರೆ ಬೆರಳು, ತುಟಿ, ನಾಲಿಗೆ ಎಲ್ಲ ಬಣ್ಣವಾಗುತ್ತದೆ. ಬ್ಲೂಬೆರ್ರಿಯ ಒಳಗೆ ತಿಳಿ ಹಸಿರು, ಬಣ್ಣವೆಲ್ಲ ಸಿಪ್ಪೆಯಲ್ಲೇ. ಆ ಬಣ್ಣವೇ ಆಂಥೋಸಯನಿನ್, ನಾವು ಮಾತಾಡುತ್ತಿರುವ ಆಂಟಿಆಕ್ಸಿಡೆಂಟ್‌ಗಳಲ್ಲಿ ಮುಖ್ಯವಾದದ್ದು. ಎರಡೂ ವ್ಯಾಕ್ಸಿನಿಯಮ್ ಕುಲದವೇ, ಆದರೆ ಜಾತಿ ಬೇರೆ. ಬಿಲ್‌ಬೆರ್ರಿಯನ್ನು ತೋಟಕ್ಕೆ ತಂದು ನೆಟ್ಟರೂ ಅದರ ತಿರುಳು ಬೆಳ್ಳಗಾಗುವುದಿಲ್ಲ. ಹಾಗಾಗಿ ವ್ಯತ್ಯಾಸ ಕಾಡಿನಿಂದ ಬಂದದ್ದಕ್ಕಿಂತ ಜಾತಿಯಿಂದ ಬಂದದ್ದೇ ಹೆಚ್ಚು.

ವನಮಾಲಾ:
ಜಾತಿ ಒಂದೇ ಇದ್ದರೂ ಗಾತ್ರದ ಪ್ರಶ್ನೆ ಇದ್ದೇ ಇದೆ. ತೋಟದ ಬ್ಲೂಬೆರ್ರಿಗೆ ನೂರು ವರ್ಷದ ಇತಿಹಾಸ ಅಷ್ಟೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಳೆಗಾರ್ತಿ ಎಲಿಜಬೆತ್ ವೈಟ್ ಮತ್ತು ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಕಾಡುಗಿಡಗಳನ್ನು ಆರಿಸಿ ಬೆಳೆಸಿದರು. ಮೊದಲ ಬೆಳೆ ಮಾರಾಟಕ್ಕೆ ಬಂದದ್ದು 1916ರಲ್ಲಿ. ವೈಟ್ ಅವರು ಕಾಡಿನಲ್ಲಿ ಹಣ್ಣು ಕೀಳುವವರಿಗೆ ತೂತಿರುವ ಅಳತೆಪಟ್ಟಿ ಕೊಟ್ಟು, ಅತಿ ದೊಡ್ಡ ಹಣ್ಣಿನ ಗಿಡ ತೋರಿಸಿದರೆ ದುಡ್ಡು ಕೊಡುತ್ತಿದ್ದರು. ಆರಿಸಿದ್ದೇ ಗಾತ್ರ ನೋಡಿ! ಹಣ್ಣು ದೊಡ್ಡದಾದಷ್ಟೂ ಒಂದು ಹಿಡಿಯಲ್ಲಿ ಸಿಪ್ಪೆ ಕಡಿಮೆ. ಬಣ್ಣ ಸಿಪ್ಪೆಯಲ್ಲೇ ಇರುವಾಗ ನಷ್ಟ ಆಗಲೇಬೇಕು.

ಗಿಡದ ಗೆಳೆಯ:
ಈ ಮಾತು ಗಟ್ಟಿಯಾಗಿದೆ, ಒಪ್ಪಿದೆ. ಆದರೆ "ವೈಲ್ಡ್" ಅಂತ ಚೀಟಿ ಅಂಟಿಸಿದ್ದೆಲ್ಲ ಕಾಡಿನದ್ದಲ್ಲ. ಅಮೆರಿಕದ ಮೇನ್ ರಾಜ್ಯದ ಗಿಡ್ಡ ಬ್ಲೂಬೆರ್ರಿ ಗಿಡಗಳನ್ನು ಯಾರೂ ನೆಟ್ಟಿಲ್ಲ, ನಿಜ. ಆದರೆ ಆ ಹೊಲಗಳನ್ನು ಸಾಮಾನ್ಯವಾಗಿ ವರ್ಷ ಬಿಟ್ಟು ವರ್ಷ ಕತ್ತರಿಸುತ್ತಾರೆ ಇಲ್ಲವೇ ಸುಡುತ್ತಾರೆ. ಪರಾಗಸ್ಪರ್ಶಕ್ಕೆ ಜೇನುಪೆಟ್ಟಿಗೆ ತಂದಿಡುತ್ತಾರೆ. ಕಳೆಗೆ, ಕೀಟಕ್ಕೆ ಔಷಧಿಯನ್ನೂ ಹೊಡೆಯುತ್ತಾರೆ. ಇದನ್ನು ಕಾಡು ಅನ್ನೋಣವೋ, ತೋಟ ಅನ್ನೋಣವೋ?

ಪಥ್ಯ:
ಇಬ್ಬರೂ ಹಣ್ಣಿನೊಳಗೆ ಎಷ್ಟಿದೆ ಅಂತಲೇ ಲೆಕ್ಕ ಹಾಕುತ್ತಿದ್ದೀರಿ. ನಮ್ಮ ಮೈಗೆ ಎಷ್ಟು ಸೇರುತ್ತದೆ? ಆಂಥೋಸಯನಿನ್ ಇದ್ದ ಹಾಗೇ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಹೆಚ್ಚಿನದನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಬೇರೆ ಸಣ್ಣ ಪದಾರ್ಥ ಮಾಡುತ್ತವೆ. ಓರ್ಯಾಕ್ ಅನ್ನೋ ಅಂಕಿ ನೆನಪಿದೆಯಾ? ಆಹಾರದ ಆಂಟಿಆಕ್ಸಿಡೆಂಟ್ ಶಕ್ತಿಯನ್ನು ಪರೀಕ್ಷಾನಳಿಕೆಯಲ್ಲಿ ಅಳೆದು, ಯಾವ ಆಹಾರಕ್ಕೆ ಎಷ್ಟು ಅಂತ ಅಮೆರಿಕದ ಕೃಷಿ ಇಲಾಖೆ ಪಟ್ಟಿ ಹಾಕಿತ್ತು. ಮಾರುವವರು ಅದನ್ನು ಜಾಹೀರಾತಿಗೆ ಬಳಸಿಕೊಂಡರು. ಆ ಅಂಕಿಗೂ ದೇಹದಲ್ಲಿ ಆಗುವುದಕ್ಕೂ ಸಂಬಂಧ ತೋರಿಸಲು ಆಗಲಿಲ್ಲ. 2012ರಲ್ಲಿ ಇಲಾಖೆಯೇ ಪಟ್ಟಿ ತೆಗೆದುಹಾಕಿತು. ಇಂದಿಗೂ ಆ ಅಂಕಿ ತೋರಿಸಿ ಪುಡಿ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸುಮಂತ್:
ಹಾಗಾದರೆ ಹಣ್ಣಿನ ಗೊಡವೆಯೇ ಬೇಡ. ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರೆ ಆಯ್ತಲ್ವಾ?

ಪಥ್ಯ:
ಸುಮ್ನೆ ನುಂಗಬೇಡಿ ಸುಮಂತ್. ಫಿನ್‌ಲ್ಯಾಂಡಿನಲ್ಲಿ ಸಿಗರೇಟು ಸೇದುವ 29,000ಕ್ಕೂ ಹೆಚ್ಚು ಗಂಡಸರ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ಅದರ ಫಲಿತಾಂಶ ಬಂದದ್ದು 1994ರಲ್ಲಿ. ಕ್ಯಾರೆಟ್‌ನಲ್ಲಿರುವ ಆಂಟಿಆಕ್ಸಿಡೆಂಟ್ ಬೀಟಾ ಕ್ಯಾರೊಟಿನ್‌ನ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಶೇ. 18ರಷ್ಟು ಜಾಸ್ತಿಯಾಯಿತು. ಹಣ್ಣಿನಲ್ಲಿ ನಾರು, ನೀರು, ವಿಟಮಿನ್ ಎಲ್ಲ ಸೇರಿಕೊಂಡಿರುತ್ತದೆ. ಅದರಿಂದ ಒಂದನ್ನು ಮಾತ್ರ ಹಿಂಡಿ ತೆಗೆದರೆ ಅದೇ ಗುಣ ಬರುತ್ತದೆ ಅನ್ನೋ ಭರವಸೆ ಇಲ್ಲ.

ವನಮಾಲಾ:
ಮಾತ್ರೆಯ ವಿಷಯದಲ್ಲಿ ನಾನು ನಿಮ್ಮ ಜೊತೆ. ಆದರೂ ಎರಡೂ ಸಿಗುವ ಕಡೆ ನನ್ನ ಆಯ್ಕೆ ಕಡುಬಣ್ಣದ ಸಣ್ಣ ಹಣ್ಣೇ.

ಗಿಡದ ಗೆಳೆಯ:
ಆರಿಸಿ, ಆದರೆ ಗುರುತು ಗೊತ್ತಿಲ್ಲದೆ ಕಾಡಿನಲ್ಲಿ ಕಿತ್ತು ತಿನ್ನಬೇಡಿ. ಬೆಲಡೋನಾ ಹಣ್ಣೂ ಕಪ್ಪಗೆ ಹೊಳೆಯುತ್ತದೆ, ರುಚಿಯೂ ಸಿಹಿ, ಆದರೆ ಕಡು ವಿಷ. ಇನ್ನು ಕಪ್ಪು ಕರಂಟ್ ತೋಟದ್ದೇ ಆದರೂ 100 ಗ್ರಾಂಗೆ ಸುಮಾರು 180 ಮಿಲಿಗ್ರಾಂ ವಿಟಮಿನ್ ಸಿ ಕೊಡುತ್ತದೆ. ಬ್ಲೂಬೆರ್ರಿಯಲ್ಲಿ ಅದು 10ರ ಆಸುಪಾಸು.

ಸುಮಂತ್:
ಫ್ರೋಜನ್ ತಗೊಂಡರೆ ಎಲ್ಲ ಹೋಗಿಬಿಡುತ್ತಾ?

ಪಥ್ಯ:
ಇಲ್ಲ. ಹೆಪ್ಪುಗಟ್ಟಿಸಿದರೆ ಬಹುಪಾಲು ಉಳಿಯುತ್ತದೆ. ಹೆಚ್ಚು ಹಾಳಾಗುವುದು ಜಾಮ್ ಮಾಡಲು ಕುದಿಸಿ, ತಿಂಗಳುಗಟ್ಟಲೆ ಇಟ್ಟಾಗ. ಫ್ರೀಜರಿನಿಂದ ತೆಗೆದ ಹಣ್ಣು ಕರಗುವಾಗ ಬಿಡುವ ಬಣ್ಣದ ನೀರನ್ನು ಮಾತ್ರ ಚೆಲ್ಲಬೇಡಿ.