ಸಹಾಯ ಬೇಕು: ಕೈಗೆ ವಸ್ತು ಬಂದ ತಕ್ಷಣ ಜನ ಬೊಂಬೆಯಾಗುತ್ತಾರೆ!

ದಿನಾ ಬಳಸುವ ಒಂದು ವಸ್ತು, ಜೊತೆಗೆ ಅದರ ಒಡೆಯರು. ಇದು ನನ್ನ ಫೋಟೋ ಸರಣಿ. ಒಂಬತ್ತು ಜನರದ್ದು ತೆಗೆದಿದ್ದೇನೆ. ಒಂದು ಬಿಟ್ಟರೆ ಯಾವುದೂ ಮನಸ್ಸಿಗೆ ಹಿಡಿಸಿಲ್ಲ.

"ಇದನ್ನು ಹಿಡಿದುಕೊಳ್ಳಿ" ಅಂದರೆ ಸಾಕು, ಜಾಹೀರಾತಿನವರ ಹಾಗೆ ನೆಟ್ಟಗೆ ಕೂತುಬಿಡುತ್ತಾರೆ. ಮಾತಾಡಿಸುತ್ತಾ ತೆಗೆದೆ. ಮುಖವೇನೋ ಸಡಿಲವಾಯಿತು, ಆದರೆ ವಸ್ತು ಸುಮ್ನೆ ಮಡಿಲಲ್ಲಿ ಬಿದ್ದಿತ್ತು. 50 ಎಂಎಂ ಲೆನ್ಸ್‌ನ ಕಿಂಡಿ ದೊಡ್ಡದಾಗಿ ತೆರೆದು ಎಫ್/1.8 ಇಟ್ಟರೆ ಕೈಯಲ್ಲಿರುವ ಕನ್ನಡಕ ಸ್ಪಷ್ಟ, ಮುಖ ಮಸುಕು. ಕಿಂಡಿ ಕಿರಿದು ಮಾಡಿ ಎಫ್/8ಕ್ಕೆ ಹೋದರೆ ಎರಡೂ ಸಿಗುತ್ತವೆ, ಹಿಂದಿರುವ ರಾಶಿ ಸಾಮಾನೂ ಎದ್ದು ಕಾಣುತ್ತದೆ. ಬೆಳಕು ಸಾಲದೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 3200ಕ್ಕೆ ಏರಿಸಿದೆ, ಫೋಟೋದಲ್ಲಿ ಕಾಳು ಕಾಳಿನಂಥ ಚುಕ್ಕೆ ಜಾಸ್ತಿಯಾಯಿತು.

ಆ ಒಂದು ಫೋಟೋ ಸಿಕ್ಕಿದ್ದು ಆಕಸ್ಮಿಕವಾಗಿ. ಎಲ್ಲ ಮುಗಿಯಿತು ಅಂತ ಅಜ್ಜಿಯೊಬ್ಬರು ತಮ್ಮ ಹಳೇ ಕತ್ತರಿಯನ್ನು ಸೆರಗಿನಿಂದ ಒರೆಸಿ ಡಬ್ಬಿಗೆ ಇಡುತ್ತಿದ್ದರು. ಫೋಟೋದಲ್ಲಿ ಬರೀ ಅವರ ಕೈ, ಹಿಡಿ ಸವೆದ ಕತ್ತರಿ. ಮುಖವೇ ಇಲ್ಲ. ನನಗೆ ಅದೇ ಇಷ್ಟ. ನೋಡಿದವರು ಮಾತ್ರ "ಯಾರದು ಇದು?" ಅಂತ ಕೇಳುತ್ತಾರೆ.

ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಇಂಥ ಸರಣಿ ಮಾಡಿದವರು ಹೇಳಿ: ಕೈ ಮತ್ತು ವಸ್ತು ಇಷ್ಟರಿಂದಲೇ ವಸ್ತುವಿಗೂ ಒಡೆಯರಿಗೂ ಇರುವ ನಂಟು ನೋಡುವವರಿಗೆ ಮುಟ್ಟುತ್ತದಾ, ಅಥವಾ ಪಕ್ಕದಲ್ಲಿ ಮುಖದ ಇನ್ನೊಂದು ಫೋಟೋ ಇಡಲೇಬೇಕಾ?