ಹನ್ನೊಂದನೇ ನಂಬರ್

ಮಲ್ಲಣ್ಣ ಕಿಸೆಯಿಂದ ನಾಲ್ಕು ಮಡಿಕಿ ಮಾಡಿದ ಹಾಳಿ ತೆಗೆದು ಟೇಬಲ್ ಮ್ಯಾಲ ಹರವಿದ. ಕಲಬುರಗಿ ಸುಪರ್ ಮಾರ್ಕೆಟಿನ ನಮ್ಮ ಚಹಾದಂಗಡ್ಯಾಗ ಮಿರ್ಚಿ ಆಗಷ್ಟೇ ಎಣ್ಣ್ಯಾಗ ಬಿದ್ದಿತ್ತು.

"ಏನೋ ಇದು, ಹೊಲದ ಪಹಣಿ?" ಅಂದ್ರು ಗುರಪ್ಪ ಕಾಕಾ.

"ಅಲ್ಲ ಕಾಕಾ. ಬೆಂಗಳೂರಿಗಿ ಹೋದ್ರ ತಿನ್ನಲೇಬೇಕಾದ ಹದಿನಾರು ಐಟಂ. ಐಕಾನಿಕ್ ಅಂತ. ಇವತ್ತ ಉದ್ಯಾನ್ ಎಕ್ಸ್‌ಪ್ರೆಸ್‌ಗಿ ಹೊಂಟೀನಿ."

"ಎಷ್ಟ್ ದಿನ?"

"ಎರಡು."

"ಹೊಟ್ಟಿ ಎಷ್ಟ್ ಅವ?"

ಮಲ್ಲಣ್ಣ ಹೊಟ್ಟಿ ಮುಟ್ಟಿ ನೋಡ್ಕೊಂಡ.

"ತಿನ್ನಲೇಬೇಕು ಅಂದ್ರ ಏನೋ? ತಿನ್ನದಿದ್ರ ಕೇಸ್ ಹಾಕ್ತಾರೇನು? ಬೀಗರ ಮನ್ಯಾಗೂ ಇಷ್ಟ್ ಜುಲುಮಿ ಮಾಡಂಗಿಲ್ಲ."

ಸಲೀಮ್ ಹಾಳಿ ಎತ್ತಿ ಓದಲಾಕ ಸುರು ಮಾಡಿದ. "ಒಂದು, ಗಾಂಧಿ ಬಜಾರದ ವಿದ್ಯಾರ್ಥಿ ಭವನ, ಮಸಾಲಿ ದೋಸಿ. 1943ರ ಹೋಟ್ಲ."

"ವಿದ್ಯಾರ್ಥಿಗಳಿಗಂತ ತೆರೆದದ್ದು. ಇವ ಪಿಯುಸಿ ಮೂರ್ ಸಲ ಫೇಲ್. ಒಳಗ ಬಿಡ್ತಾರೇನ್ ಕೇಳ್ರಿ."

"ಎರಡು, ರವಾ ಇಡ್ಲಿ. ಎರಡನೇ ಮಹಾಯುದ್ಧದಾಗ ಅಕ್ಕಿ ಸಿಗಲಿಲ್ಲಂತ ಎಂ.ಟಿ.ಆರ್.ದವ್ರು ರವಾದಾಗ ಮಾಡಿದ್ರಂತ."

ಕಾಕಾನ ಬಸಿ ಬಾಯಿ ಹಂತೇಕ ನಿಂತಿತು. "ಅಂದ್ರ ಅಕ್ಕಿ ಇಲ್ಲದಾಗ ಮಾಡಿದ್ದು ಈಗ ಐಕಾನು?"

"ಹೌದ್ರಿ."

"ಹಂಗಾದ್ರ ನಮ್ಮವ್ವ 72ರ ಬರದಾಗ ಮಾಡಿದ್ದೆಲ್ಲಾ ಐಕಾನೇ! ಹಿಡಿ ಜೋಳದ ನುಚ್ಚು, ಹಿತ್ತಲ ಪುಂಡಿ ಸೊಪ್ಪು, ಎಣ್ಣಿ ಇದ್ದ ದಿನ ಎರಡ್ ಬಳ್ಳೊಳ್ಳಿ ಜಜ್ಜಿ ಒಗ್ಗರಣಿ. ಆರ್ ಮಂದಿ ಇದ್ವಿ. ಯಾರೂ ಪಾಳಿ ಹಚ್ಚಲಿಲ್ಲ, ಗಡಿಗಿ ಸಣ್ಣದಿತ್ತು. ಎಲ್ಲಾರೂ ಒಮ್ಮಿಗೇ ಕೈ ಹಾಕ್ತಿದ್ವಿ."

"ಬಂಬೈ ವಡಾ ಪಾವ್ ಕಥಿನೂ ಇದೇ ಅದ ಕಾಕಾ," ಅಂದ ಸಲೀಮ್. "1966ರಾಗ ದಾದರ್ ಸ್ಟೇಷನ್ ಹೊರಗ ಚಾಲೂ ಆಯ್ತಂತ, ಗಿರಣಿ ಮಂದಿ ಹಸಿವಿಗಿ. ನಮ್ಮ ಅಬ್ಬಾ ಅದ್ನೇ ತಿಂದು ಹತ್ತು ವರ್ಷ ತೆಗೆದ್ರು. ಊರಿಗಿ ಬಂದ ಮ್ಯಾಲ ಅದರ ಹೆಸರೆತ್ತಿದ್ರ, ಸುಮ್ಮ ತಹರಿ ಅನ್ನ ಹಾಕು ಅಂತಿದ್ರು."

ತಹರಿ ಅಂದದ್ದೇ ತಡ, ಮಾತು ಹಳಿ ಬಿಟ್ಟು ಹೈದ್ರಾಬಾದಿಗಿ ಹೋಯ್ತು. ಬಿರ್ಯಾನಿ ದೊಡ್ಡದೋ ತಹರಿ ದೊಡ್ಡದೋ ಅಂತ ಪಕ್ಕದ ಟೇಬಲ್‌ದವ್ರೂ ಸೇರ್ಕೊಂಡ್ರು. ಅದು ಇತ್ಯರ್ಥ ಆಗಲಿಲ್ಲ, ಆಗೋದೂ ಇಲ್ಲ.

"ಅದಿರಲಿ," ಅಂದ್ರು ಕಾಕಾ, "ಬೆಂಗಳೂರ ಸಾಂಬಾರಿನಾಗ ಬ್ಯಾಳಿ ಎಲ್ಲೀದು? ನಮ್ಮ ತೊಗರಿಗಿ 2019ರಾಗ ಜಿಐ ಟ್ಯಾಗ್ ಸಿಕ್ಕದ. ಒಬ್ಬರರ ಸಾಂಬಾರ್ ಬಕೆಟ್ ಮುಂದ ನಿಂತು ಸೆಲ್ಫಿ ಹೊಡ್ಕೊಂಡಾರೇನು?"

ಸಲೀಮ್ ಒಮ್ಮೆಲೆ ನಗಲಾಕ ಹತ್ತಿದ. "ಹನ್ನೊಂದು ಕೇಳ್ರಿ. ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ. ಅಥೆಂಟಿಕ್!"

"ಆರ್ನೂರು ಕಿಲೋಮೀಟರ್ ಹೋಗಿ ರೊಟ್ಟಿ ತಿಂತಾನಂತ! ಸ್ವಂತ ಹೆಂಡ್ತಿನ್ನ ಕನ್ಯಾ ನೋಡ್ಲಾಕ ಹೋದಂಗಾತು. ಯಾವ ಶ್ಯಾಣ್ಯಾ ಬರ್ದಾನೋ ಇದು?"

"ನನ್ನ ಮಗ ಕಳಿಸ್ಯಾನ," ಅಂದ ಮಲ್ಲಣ್ಣ. "ಅಪ್ಪಾ, ಈ ಸಲ ನಿನಗ ಎಲ್ಲಾ ತಿನಿಸ್ತೀನಿ ಅಂತ."

ಕಾಕಾ ಬಗ್ಗಿ ಮಲ್ಲಣ್ಣನ ಕಾಲ ಹಂತೇಲಿದ್ದ ಚೀಲ ನೋಡಿದ್ರು. ಹಳೀ ಧೋತರದಾಗ ದುಂಡಗ ಏನೋ ಕಟ್ಟಿತ್ತು.

"ಅದ್ರಾಗೇನು?"

"ರೊಟ್ಟಿ. ನಲವತ್ತು. ಅವ್ವನ ಕೈಲೇ ಮಾಡಿಸ್ಕೊಂಡು ಬಾ ಅಂದಾನ."

"ನಲವತ್ತೂ ಅಕಿನೇ ಬಡದಾಳೇನು? ಕೈ ನೋಯ್ತದ ಅಂತಿದ್ದಳಲ್ಲ?"

ಮಲ್ಲಣ್ಣ ಚೀಲ ಇನ್ನಷ್ಟು ಒಳಗ ಸರಿಸಿದ. "ಮ್ಯಾಲಿನ ಐದು ಅಕಿವು. ಕೆಳಗಿನವು ಅಂಗಡೀವು. ಹುಡುಗನ ಮುಂದ ಅನ್ನಬ್ಯಾಡ್ರಿ ಮತ್ತ."

ಯಾರೂ ಏನೂ ಅನ್ನಲಿಲ್ಲ. ಅಷ್ಟೊತ್ತಿಗಿ ಹುಡುಗ ಮಿರ್ಚಿ ತಂದ. ಪ್ಲೇಟ್ ಖಾಲಿ ಇಲ್ರಿ ಅಂತ, ಹರವಿದ್ದ ಹಾಳಿ ಮ್ಯಾಲೇ ಸುರುವಲಾಕ ಹೋದ.

"ಏ, ಸಾವಕಾಶ," ಕಾಕಾ ಅವನ ಕೈ ಹಿಡಿದ್ರು. "ಹನ್ನೊಂದನೇ ನಂಬರ್ ಬಿಟ್ಟು ಹಾಕು."